ಕರೆಂಟಿಲ್ಲದ ರೇಡಿಯೋದಲ್ಲಿ ಬಂದ ಕರೆ

ಮಕ್ಕಳೇ, ದೆವ್ವ, ಶಕುನ ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳತೊಡಗಿದರೆ ಎದ್ದು ಒಳಗೆ ಹೋಗುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ.

ಆಗ ಜಯನಗರ ಇನ್ನೂ ಹೊಸ ಬಡಾವಣೆ. ನಿಮ್ಮ ತಾತ ಪೊಲೀಸ್ ವೈರ್‌ಲೆಸ್‌ನಲ್ಲಿದ್ದರು. ಊಟ ಮಾಡುತ್ತಾ ತಮ್ಮ ಕೆಲಸದ ಮಾತುಗಳನ್ನು ನನಗೆ ಕಲಿಸಿದ್ದರು. 'ಓವರ್' ಎಂದರೆ ನಾನು ಹೇಳುವುದು ಹೇಳಿದೆ, ಉತ್ತರಕ್ಕೆ ಕಾಯುತ್ತಿದ್ದೇನೆ ಎಂದು. 'ಔಟ್' ಎಂದರೆ ಮಾತೇ ಮುಗಿಯಿತು, ಯಾರೂ ಉತ್ತರ ಕೊಡಬೇಕಾಗಿಲ್ಲ. ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ.

ಒಂದು ಸಂಜೆ ಕರೆಂಟು ಹೋಗಿತ್ತು. ಅಕ್ಕಿ ಆರಿಸುತ್ತಾ ಕೂತಿದ್ದೆ. ಕರೆಂಟಿನಲ್ಲೇ ಓಡುವ ನಮ್ಮ ರೇಡಿಯೋ ಇದ್ದಕ್ಕಿದ್ದಂತೆ ಗೊರಗೊರ ಎಂದಿತು. ಆಮೇಲೆ ನಿಮ್ಮ ತಾತನ ದನಿ: "ಬೇಗೂರು ಕೆರೆ ಏರಿ ಕೆಳಗಿದ್ದೀನಿ. ಓವರ್." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. "ಕೇಳಿಸ್ತು ರೀ" ಎಂದು ರೇಡಿಯೋ ಹತ್ತಿರ ಬಾಯಿಟ್ಟು ಕೂಗಿದೆ. ಅದಕ್ಕೆ ಹೇಳಿ ಏನು ಪ್ರಯೋಜನ?

ಸ್ಟೇಷನ್‌ಗೆ ಓಡಿ, ಕೇಳಿಸಿದ್ದನ್ನು ಹೇಳಿದೆ. ಡ್ಯೂಟಿಯಲ್ಲಿದ್ದವರು ನಕ್ಕರು. ಮನೆ ರೇಡಿಯೋದಲ್ಲಿ ಅವರ ವೈರ್‌ಲೆಸ್ ಬರುವುದೇ ಇಲ್ಲವಂತೆ. ಯಾರ ಮನೆಯವರೆಂದು ಕೇಳಿದರು. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಜೀಪಿನಲ್ಲಿ ಹೋಗಿದ್ದಾರಲ್ಲ, ಕನ್ನಡಕ ಹಾಕುತ್ತಾರಲ್ಲ, ಅವರು ಎಂದೆ.

"ಇಲ್ಲಿ ಅರ್ಧ ಜನ ಕನ್ನಡಕದೋರೇ ಕಣಮ್ಮ. ಹೆಸರು ಹೇಳಿ."

ಅಳು ಬರುವಷ್ಟು ಸಿಟ್ಟು ಬಂತು. ಮದುವೆ ಶಾಸ್ತ್ರದಲ್ಲಿ ಹೇಳಿದ್ದು ಬಿಟ್ಟರೆ ಅದೇ ಮೊದಲು, ಅವರ ಹೆಸರನ್ನು ಗಟ್ಟಿಯಾಗಿ ಹೇಳಿದೆ.

"ಅವರಾ? ಮಧ್ಯಾಹ್ನವೇ ಔಟ್ ಅಂದ್ರಲ್ಲ. ಬರ್ತಾರೆ, ಮನೆಗೆ ಹೋಗಿ."

"ಈಗ ಓವರ್ ಅಂದ್ರು ಸಾರ್. ಕಾಯ್ತಾ ಇದ್ದಾರೆ. ಉತ್ತರ ಕೊಡಬೇಕಾದೋರು ನೀವು."

ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿಯೋ ಏನೋ, ಒಳಗಿದ್ದ ಜಮಾದಾರರು ಎದ್ದು ಬಂದು ವ್ಯಾನು ಕಳಿಸಿದರು. ಬೇಗೂರು ಏರಿಯ ಕೆಳಗೆ ಜೀಪು ಮಗುಚಿಕೊಂಡಿತ್ತು. ಇವರ ಕಾಲು ಅದರಡಿ ಸಿಕ್ಕಿ, ರಕ್ತ ಸೋರಿ ಪ್ರಜ್ಞೆ ತಪ್ಪಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ವೈರ್‌ಲೆಸ್ ಸೆಟ್ಟು ಬಿದ್ದ ಏಟಿಗೇ ಚೂರಾಗಿತ್ತಂತೆ.

ಎಚ್ಚರವಾದ ಮೇಲೆ ಕೇಳಿದೆ, ಹೇಗೆ ಕರೆದಿರಿ ಎಂದು.

"ನಾನೆಲ್ಲಿ ಕರೆದೆ? ಬಾಯಾರಿಕೆ ಬಿಟ್ರೆ ಏನೂ ನೆನಪಿಲ್ಲ. ನೀನೂ ನೆನಪಾಗ್ಲಿಲ್ಲ ಕಣೇ."

ಬದುಕಿದ್ದಷ್ಟು ಕಾಲ, ಎಷ್ಟು ಕೆದಕಿದರೂ ಅದೇ ಉತ್ತರ. ಸುಳ್ಳಿಗಾದರೂ ಹೌದು ಅನ್ನಬಹುದಿತ್ತು. ಅವರು ಕರೆಯಲಿಲ್ಲ ಎಂದಮೇಲೆ, ಅವರ ದನಿಯಲ್ಲಿ ನನ್ನನ್ನು ಓಡಿಸಿದ್ದು ಯಾರು? ಈಗ ಕೇಳೋಣವೆಂದರೆ ಅವರೂ ಇಲ್ಲ.