ಮೂರು ಕುರ್ಚಿಯ ಆದಾಯ

ಹೌದಪ್ಪನ ಕಟಿಂಗ್ ಅಂಗಡಿಯಲ್ಲಿ ಕುರ್ಚಿ ಮೂರು, ದುಡಿಯುವ ಕೈ ಒಂದೇ ಜೊತೆ. ಮೊದಲು ಹಾಗಿರಲಿಲ್ಲ. ಮೂವರು ಸ್ನೇಹಿತರು ಸೇರಿ ಹಾಕಿದ ಅಂಗಡಿ ಅದು. ಒಬ್ಬ ಕೈ ನಡುಗಲು ಶುರುವಾಗಿ ಮನೆ ಸೇರಿದ. ಇನ್ನೊಬ್ಬ ಎದುರು ಸಾಲಿನಲ್ಲೇ ಕನ್ನಡಿಗಳ ಸುತ್ತ ದೀಪ ಹಾಕಿಸಿ ಸ್ವಂತ ಅಂಗಡಿ ತೆರೆದು, ಅರ್ಧ ಗಿರಾಕಿಗಳನ್ನು ಹಿಂದೆ ಕರೆದುಕೊಂಡು ಹೋದ. ಉಳಿದವನು ನಮ್ಮ ಹೌದಪ್ಪ. ಅವನು ಖಾಲಿ ಕುರ್ಚಿಗಳನ್ನು ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಅವೆರಡರ ಧೂಳನ್ನೂ ಒರೆಸಿ, ಒಗೆದ ಟವೆಲನ್ನು ಮಡಿಸಿ ಕೈಹಿಡಿಯ ಮೇಲೆ ಹಾಕುತ್ತಿದ್ದ. ನೋಡಿದವರಿಗೆ, ಕೆಲಸದವರು ಈಗಷ್ಟೇ ಚಹಾ ಕುಡಿಯಲು ಎದ್ದು ಹೋಗಿದ್ದಾರೆ ಅನ್ನಿಸಬೇಕು. ವರ್ಷಗಟ್ಟಲೆ ಯಾರೂ ಆ ಚಹಾ ಮುಗಿಸಿ ಬರಲಿಲ್ಲ.

ಹೌದಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಸರ್ಕಾರ ನಾಳೆಯೇ ಬೀಳುತ್ತದೆ ಅಂತ ಒಬ್ಬ ಗಿರಾಕಿ ಹೇಳಿದರೆ "ಹೌದಪ್ಪಾ, ಹೌದು." ಅವನೆದ್ದ ಮೇಲೆ ಕೂತವನು, ಯಾರಪ್ಪ ಬಂದರೂ ಬೀಳಿಸೋಕಾಗಲ್ಲ ಅಂದರೆ ಅದಕ್ಕೂ "ಹೌದಪ್ಪಾ, ಹೌದು." ಮನೆಯಲ್ಲಿ ಮಾತ್ರ ಅವನು ಬೇರೆಯೇ ಮನುಷ್ಯ. ಕಿವಿಗಳನ್ನು ಅಂಗಡಿಯ ಮೊಳೆಗೆ ತಗುಲಿಹಾಕಿ ಬಂದವನ ಹಾಗೆ, ಹೆಂಡತಿ ಮಗಳು ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಂಡರೆ ಹೆಚ್ಚು. ಗಂಟಲ ಮೇಲೆ ಕತ್ತಿ ಆಡುತ್ತಿರುವಾಗ ಯಾವ ಗಂಡಸೂ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಲೋಕದ ನಿಜವೆಲ್ಲ ಸಾಬೂನಿನ ನೊರೆಯೊಳಗಿಂದಲೇ ಹೊರಗೆ ಬರಬೇಕು.

ಅವನಿಗೆ ಒಬ್ಬಳೇ ಮಗಳು. ಶಾಲೆ ಮುಗಿಸಿ ಬಂದು ಅಂಗಡಿಯ ನೆಲ ಗುಡಿಸುವುದು ಚಿಕ್ಕಂದಿನಿಂದಲೂ ಅವಳ ಕೆಲಸ. ಆಗ ಪಕ್ಕದ ಮನೆಯ ಕಿವಿ ಕೇಳಿಸದ ಪುಟ್ಟ ಹುಡುಗಿಯೊಬ್ಬಳು ಕೂದಲು ಕತ್ತರಿಸಿಕೊಳ್ಳಲು ಬರುತ್ತಿದ್ದಳು. ಟ್ರಿಮ್ಮರ್ ಕಂಡರೆ ಸಾಕು, ಅಂಗಡಿ ಹಾರಿಹೋಗುವಂತೆ ಕಿರುಚುವಳು. ಒಂದು ದಿನ ಮಗಳು ಪೊರಕೆ ಬದಿಗಿಟ್ಟು, ಓಡುತ್ತಿರುವ ಟ್ರಿಮ್ಮರಿನ ಹಿಂಭಾಗವನ್ನು ಆ ಮಗುವಿನ ಅಂಗೈಗೆ ಮುಟ್ಟಿಸಿ, ಅದೇ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು "ಮ್‌ಮ್‌ಮ್" ಅಂದಳು. ಮಗು ನಕ್ಕಿತು. ತಾನೂ "ಮ್‌ಮ್‌ಮ್" ಅಂದಿತು. ಇಂಥ ಮಕ್ಕಳಿಗೆ ಮಾತು ಕಲಿಸುವ ಓದೇ ತನಗೆ ಬೇಕು ಎಂದು ಮಗಳು ಅವತ್ತೇ ಪಟ್ಟು ಹಿಡಿದಳು. ಹಿಡಿದ ಪಟ್ಟು ಬಿಡಲಿಲ್ಲ, ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಸೀಟು ಗಿಟ್ಟಿಸಿಯೇ ಬಿಟ್ಟಳು.

ಫೀಸಿನ ಅಂಕಿ ನೋಡಿ ಹೌದಪ್ಪನಿಗೆ ತಲೆ ಗಿರ್ರೆಂದಿತು. ಮಗಳು ಸಮಾಧಾನ ಮಾಡಿದಳು.

"ಅಪ್ಪ, ಫೀಸು ನಾವು ಕಟ್ಟೋದಲ್ಲ. ಸರ್ಕಾರವೇ ಸಾಲ ಅಂತ ಬರೆದುಕೊಂಡು ನೇರ ವಿಶ್ವವಿದ್ಯಾಲಯಕ್ಕೆ ಕಟ್ಟುತ್ತೆ. ನನಗೆ ಕೆಲಸ ಸಿಕ್ಕಿ, ಸಂಬಳ ಒಂದು ಮಟ್ಟ ದಾಟಿದ ಮೇಲೆ ತಿಂಗಳಿಗೆ ಇಷ್ಟು ಅಂತ ಹಿಡಿದುಕೊಳ್ತಾರೆ. ಕೆಲಸ ಹೋದರೆ ಹಿಡಿಯೋದು ನಿಲ್ಲುತ್ತೆ. ಮನೆ ಬಾಗಿಲಿಗೆ ಯಾರೂ ಬರಲ್ಲ."

"ಮತ್ತೆ ಊಟ, ರೂಮು?"

"ಅದಕ್ಕೆ ಬೇರೆ ಸಾಲ ಇದೆ. ಅದನ್ನ ಮನೆಯ ಆದಾಯ ನೋಡಿ ಕೊಡ್ತಾರೆ. ಈ ಪುಟದಲ್ಲಿ ನೀನು ನಿನ್ನ ಆದಾಯ ಬರೆದು ಸಹಿ ಹಾಕಬೇಕು. ಕಡಿಮೆ ಇದ್ದವರಿಗೆ..."

ಮಾತು ಅಲ್ಲಿಗೆ ಬಂದಾಗ ಹೌದಪ್ಪನ ಕಿವಿ ಮೊಳೆಗೆ ಹೋಗಿಯಾಗಿತ್ತು. ಆದಾಯ ನೋಡಿ ಕೊಡ್ತಾರೆ ಎಂಬುದಷ್ಟೇ ಒಳಗೆ ಇಳಿದದ್ದು. ಅರ್ಜಿಯನ್ನು ಮಡಿಸಿ ಜೇಬಿಗಿಟ್ಟು ಅಂಗಡಿಗೆ ಹೊರಟ. ಹೆಂಡತಿ ಬಾಗಿಲ ತನಕ ಬಂದು, "ಇದ್ದದ್ದು ಇದ್ದ ಹಾಗೆ ಬರೀರಿ" ಅಂದಳು. "ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ" ಎಂದು ಗಾದೆ ಹೇಳಿ ಅವಳ ಬಾಯಿ ಮುಚ್ಚಿಸಿದ. ಗಾದೆಗೇನು, ಯಾರು ಕರೆದರೂ ಬರುತ್ತದೆ.

ಅವತ್ತು ಕುರ್ಚಿಯಲ್ಲಿ ಕೂತಿದ್ದವನು ಮನೆಗಳಿಗೆ ಬಣ್ಣ ಹೊಡೆಸುವ ಕಾಂಟ್ರಾಕ್ಟರ್. ಸಾಲದ ಮಾತು ಬಂತು. "ಖಾಲಿ ಜೇಬಿಗೆ ಯಾವನು ಸಾಲ ಕೊಡ್ತಾನೆ? ಸ್ಕೂಟರ್ ಸಾಲಕ್ಕೆ ಹೋದಾಗ ನಾನು ಆದಾಯ ದುಪ್ಪಟ್ಟು ತೋರಿಸಿದೆ. ಸಂಜೆ ಹೊತ್ತಿಗೆ ಗಾಡಿ ಮನೆ ಮುಂದೆ ಇತ್ತು" ಅಂದ, ನೊರೆಯೊಳಗಿಂದ. ಕಾಂಟ್ರಾಕ್ಟರ್ ಸುಳ್ಳು ಹೇಳಲಿಲ್ಲ, ಆ ಮಟ್ಟಿಗೆ ಹೌದಪ್ಪನ ನಂಬಿಕೆ ಸರಿಯೇ. ಆದರೆ ಅದು ಸ್ಕೂಟರಿನ ನಿಜ. ಮಕ್ಕಳ ಓದಿನ ಸಾಲಕ್ಕೂ ಅದಕ್ಕೂ ಅಜಗಜಾಂತರ. ಅಷ್ಟು ಯೋಚಿಸುವ ತಾಳ್ಮೆ ಹೌದಪ್ಪನಿಗಿರಲಿಲ್ಲ. ಖಾಲಿ ಕುರ್ಚಿಗಳ ಕಡೆ ನೋಡಿದ. ಅವು ತುಂಬಿದ್ದ ಕಾಲದಲ್ಲಿ ಬರುತ್ತಿದ್ದುದನ್ನು ನೆನಪು ಮಾಡಿಕೊಂಡು, ಮೂರೂ ಕುರ್ಚಿಯ ಆದಾಯವನ್ನು ತನ್ನ ಹೆಸರಿಗೆ ಬರೆದು, ದಪ್ಪಗೆ ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ ತಾನೇ ಅಂಚೆಗೆ ಹಾಕಿ ಬಂದ. ಸ್ವಂತ ದಂಧೆಯವನಾದ್ದರಿಂದ ಅವನು ಬರೆದದ್ದೇ ಪ್ರಮಾಣವಾಯಿತು.

ಮಗಳಿಗೆ ಫೀಸಿನ ಸಾಲ ಪೂರ್ತಿ ಸಿಕ್ಕಿತು. ಊಟ ರೂಮಿನ ಸಾಲ ಮಾತ್ರ, ಉಳ್ಳವರ ಮಕ್ಕಳಿಗೆ ಕೊಡುವ ಕನಿಷ್ಠ. ಉಳಿದದ್ದನ್ನು ಮನೆಯವರು ತುಂಬಿಕೊಡುತ್ತಾರೆ ಎನ್ನುವುದು ಸರ್ಕಾರದ ಲೆಕ್ಕ. ಮೂರು ಕುರ್ಚಿಯ ಯಜಮಾನ ತುಂಬಿಕೊಡಬೇಕಾದದ್ದೇ ತಾನೇ! ಹೌದಪ್ಪ ಸರ್ಕಾರಕ್ಕೆ ಹಿಡಿಶಾಪ ಹಾಕಿದ. "ಇಷ್ಟು ತೋರಿಸಿದರೂ ಇಷ್ಟೇ ಕೊಟ್ಟರಲ್ಲ, ನಿಜ ಬರೆದಿದ್ದರೆ ಏನೂ ಕೊಡುತ್ತಿರಲಿಲ್ಲ" ಎಂದು ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ. ಕೈಲಾದಷ್ಟು ಕಳಿಸುತ್ತಿದ್ದ. ಕೈಲಾಗುತ್ತಿದ್ದದ್ದು ಕಡಿಮೆ.

ಮಗಳು ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಬೆಳಕು ಹರಿಯುವ ಮುಂಚೆ ಹೋಗಿ, ತರಗತಿ ಶುರುವಾದ ಮೇಲೆ ಹಿಟ್ಟು ಮೆತ್ತಿದ ಬೂಟಿನಲ್ಲೇ ಓಡಿಬರಬೇಕು. ಅವಳ ಓದಿನಲ್ಲಿ ಪುಸ್ತಕಕ್ಕಿಂತ ಬೆಳಗಿನ ಕ್ಲಿನಿಕ್ ಮುಖ್ಯ. ಮಕ್ಕಳು ಬರುವುದು ಬೆಳಿಗ್ಗೆಯೇ. ಅಲ್ಲಿ ಹಾಜರಿ ತಪ್ಪಿದರೆ ಎಷ್ಟು ಅಂಕ ಬಂದರೂ ಪಾಸಿಲ್ಲ.

ಮೊದಲ ವರ್ಷದ ಮಧ್ಯದಲ್ಲಿ ಒಂದು ಮಧ್ಯಾಹ್ನ ಅಂಗಡಿಗೆ ಅವಳ ಫೋನ್ ಬಂತು. ಆ ಹೊತ್ತಿಗೆ ಕುರ್ಚಿಯಲ್ಲಿ ಎದುರಂಗಡಿಯ ಗಿರಾಕಿಯೊಬ್ಬ ಕೂತಿದ್ದ. ಅಲ್ಲಿ ಜನ ಜಾಸ್ತಿ ಎಂದು ಇಲ್ಲಿಗೆ ಬಂದವನು. "ನಿಮ್ಮ ಕೆಲಸದವರೆಲ್ಲ ಎಲ್ಲಿ?" ಎಂದು ಕೇಳಿದ್ದಕ್ಕೆ ಹೌದಪ್ಪ, "ಚಹಾಕ್ಕೆ ಹೋಗಿದ್ದಾರೆ" ಎಂದು ಈಗಷ್ಟೇ ಹೇಳಿದ್ದ. ಕೈಯೆಲ್ಲ ನೊರೆ. ಮೊಣಕೈಯಿಂದ ಫೋನಿನ ಸ್ಪೀಕರ್ ಒತ್ತಿದ.

"ಅಪ್ಪ, ಒಂದು ಮಾತು ನಿಜ ಹೇಳು. ಅಂಗಡೀಲಿ ಈಗ ಎಷ್ಟು ಕುರ್ಚಿ ನಡೀತಿದೆ?"

ಕನ್ನಡಿಯಲ್ಲಿ ಗಿರಾಕಿಯ ಕಣ್ಣು ಇವನ ಮೇಲಿತ್ತು.

"ಮೂರೂ ನಡೀತಿದೆ. ಯಾಕೆ? ನಿಮ್ಮಪ್ಪ ಬದುಕಿದ್ದಾನೆ ಇನ್ನೂ. ನೀನು ಓದು, ಲೆಕ್ಕ ಕೇಳಬೇಡ" ಎಂದ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ಮಗಳು "ಸರಿ ಅಪ್ಪ" ಎಂದು ಫೋನ್ ಇಟ್ಟಳು. ಗಿರಾಕಿ ದುಡ್ಡು ಕೊಟ್ಟು ಹೋದ. ಮತ್ತೆಂದೂ ಈ ಕಡೆ ತಲೆ ಹಾಕಲಿಲ್ಲ. ಅಂಥವನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಹೌದಪ್ಪ ಆಡಿದ ಮಾತು ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎರಡನೇ ವರ್ಷ ಹಾಜರಿ ಸಾಲದೆ ಮಗಳು ಓದು ಬಿಟ್ಟು ಬಂದಳು. ಅತ್ತು ಕರೆದು ಮಾಡಲಿಲ್ಲ. ಈಗ ಅವಳು ಕಿವಿಯ ಮಷಿನ್ ಮಾರುವ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಾಳೆ. ಸಣ್ಣ ಗುಂಡಿಯಂಥ ಬ್ಯಾಟರಿ ಬದಲಿಸಿಕೊಡುತ್ತಾಳೆ, ಟ್ಯೂಬು ತೊಳೆದುಕೊಡುತ್ತಾಳೆ. ಮಕ್ಕಳು ಬಂದರೆ ಒಳಕೋಣೆಯಲ್ಲಿರುವ ಓದಿದ ಮೇಡಂ ಹತ್ತಿರ ಕಳಿಸುತ್ತಾಳೆ. ಸಂಬಳ ಹೇಗೋ ಸಾಲ ಹಿಡಿಯುವ ಮಟ್ಟ ದಾಟಿದೆ. ಮುಗಿಸಲಾಗದ ಓದಿನ ಫೀಸಿಗೆ ತಿಂಗಳು ತಿಂಗಳೂ ಒಂದಿಷ್ಟು ಹಿಡಿದುಕೊಳ್ಳುತ್ತಾರೆ. "ಅದೃಷ್ಟ ಇರಲಿಲ್ಲ, ಏನು ಮಾಡೋದು" ಎಂದು ಹೌದಪ್ಪ ಗಿರಾಕಿಗಳ ಹತ್ತಿರ ಹೇಳಿಕೊಂಡು ವರ್ಷಗಳನ್ನು ದೂಡಿದ.

ಹೀಗಿರುವಾಗ ಒಬ್ಬ ಹೊಸ ಗಿರಾಕಿ ಬಂದ. ವಿಶ್ವವಿದ್ಯಾಲಯವೊಂದರ ಫೀಸು ಕಚೇರಿಯಲ್ಲಿ ದುಡಿದು ನಿವೃತ್ತನಾಗಿ ಈ ಬೀದಿಗೆ ಮನೆ ಬದಲಿಸಿದವನು. ಗಲ್ಲಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಾ ಹಳೆಯ ಕಥೆಗಳನ್ನು ಬಿಚ್ಚಿದ.

"ಅಪ್ಪಂದಿರ ಜಂಬ ನೋಡಿ ಸಾಕಾಗಿತ್ತು ಕಣ್ರೀ. ಆದಾಯ ಕಡಿಮೆ ಅಂತ ಬರೆಯೋಕೆ ನಾಚಿಕೆ!"

"ಹೆಚ್ಚು ಬರೆದರೆ ಹೆಚ್ಚು ಕೊಡಲ್ವೇ?" ಹೌದಪ್ಪ ಕೇಳಿದ. ಅವನ ಅಂಗಡಿಯಲ್ಲಿ ಅವನು ಪ್ರಶ್ನೆ ಕೇಳುವುದೇ ಅಪರೂಪ.

"ಅಯ್ಯೋ, ಉಲ್ಟಾ ರೀ! ಮನೇಲಿ ಕಡಿಮೆ ಇದ್ದಷ್ಟೂ ಮಕ್ಕಳಿಗೆ ಜಾಸ್ತಿ. ಬಡವರಿಗೆ ತಾನೇ ಬೇಕಾಗಿರೋದು?"

"ತಪ್ಪಿ ಬರೆದುಬಿಟ್ಟಿದ್ದರೆ?"

"ಅದಕ್ಕೇನು, ಆ ವರ್ಷದೊಳಗೆ ಅಪ್ಪ ಒಂದು ಕಾಗದ ಬರೆದು ಸಹಿ ಹಾಕಿದ್ರೆ ಆಯ್ತು. ಹೊಸದಾಗಿ ಲೆಕ್ಕ ಹಾಕಿ ಬಾಕಿ ಎಲ್ಲ ಕೊಡ್ತಿದ್ದರು. ಎಷ್ಟು ಜನಕ್ಕೆ ನಾನೇ ಮಾಡಿಸಿಕೊಟ್ಟಿದ್ದೀನಿ."

ಹೌದಪ್ಪ "ಹೌದಪ್ಪ" ಅನ್ನಲಿಲ್ಲ. ಬೋಳಿಸಿದ ಕೆನ್ನೆಯನ್ನೇ ಮತ್ತೊಮ್ಮೆ ಬೋಳಿಸಿದ. ಮಗಳ ಆ ಫೋನು ಯಾಕೆ ಬಂದಿತ್ತು ಎಂಬುದು ಅವನಿಗೆ ಆಗ, ಇಷ್ಟು ವರ್ಷಗಳ ಮೇಲೆ, ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುವಾರವೇ ಗುಜರಿಯವನನ್ನು ಕರೆಸಿ ಎರಡು ಕುರ್ಚಿಗಳನ್ನೂ ಎತ್ತಿಸಿದ. ನೆಲದಲ್ಲಿ ಬೋಲ್ಟಿನ ತೂತುಗಳು ಉಳಿದವು.

ಹೌದಪ್ಪನ ಕತ್ತಿನ ಹಿಂದಿನ ಕೂದಲನ್ನು ಮೊದಲಿನಿಂದಲೂ ತೆಗೆಯುವವಳು ಮಗಳೇ. ತನ್ನ ತಲೆ ತಾನು ಬೋಳಿಸಿಕೊಳ್ಳಲಾಗದು, ಎದುರಂಗಡಿಗೆ ಹೋಗಲು ಅಹಂಕಾರ ಬಿಡದು. ರಜೆಯ ದಿನ ಅವಳು ಬಂದಳು. ನೆಲವನ್ನೂ ಅಪ್ಪನನ್ನೂ ನೋಡಿದಳು.

"ಕುರ್ಚಿ ಎಲ್ಲಿ?"

"ತೆಗೆಸಿದೆ." ಹೌದಪ್ಪ ಉಳಿದ ಕುರ್ಚಿಯಲ್ಲಿ ಕೂತ. ಅವಳು ಬಟ್ಟೆ ಸುತ್ತಿ ಟ್ರಿಮ್ಮರ್ ಹಚ್ಚಿದಳು. ಹೇಳಬೇಕಾದದ್ದನ್ನು ಅವನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ. "ಮಗಾ, ಮತ್ತೆ ಅರ್ಜಿ ಹಾಕು. ಈ ಸಲ ಇದ್ದದ್ದು ಇದ್ದ ಹಾಗೆ ಬರೀತೀನಿ. ಒಂದೇ ಕುರ್ಚಿ ಅಂತ ಬರೀತೀನಿ."

ಟ್ರಿಮ್ಮರ್ ನಿಂತಿತು.

"ಈಗ ನಿನ್ನ ಆದಾಯ ಕೇಳಲ್ಲಪ್ಪ. ಈ ವಯಸ್ಸಿಗೆ ನನ್ನ ಸಂಬಳ ಮಾತ್ರ ನೋಡ್ತಾರೆ."

"ಒಳ್ಳೇದೇ ಆಯ್ತಲ್ಲ. ಹಾಕು ಮತ್ತೆ."

"ವಿಚಾರಿಸಿದ್ದೆ. ಮೊದಲನೇ ವರ್ಷದಿಂದ ಶುರು ಮಾಡಬೇಕಂತೆ. ಕೆಲಸ ಬಿಡಬೇಕು, ಊರು ಬಿಡಬೇಕು. ಅಮ್ಮನ ಮಂಡಿ ನೋಡಿದ್ದೀಯಲ್ಲ, ಮೆಟ್ಟಿಲು ಹತ್ತೋಕಾಗಲ್ಲ. ಆಗ ಆಗಬೇಕಿತ್ತು ಅಪ್ಪ. ಈಗ ಬಿಡು."

ಕನ್ನಡಿಯಲ್ಲಿ ಅವಳ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ. "ಆಗ ನಾನು ಬರೆದದ್ದು ಸುಳ್ಳು ಅಂತ ನಿನಗೆ ಗೊತ್ತಿತ್ತಾ?"

"ಈ ನೆಲ ಗುಡಿಸಿದವಳು ನಾನು. ಎಷ್ಟು ಜನರ ಕೂದಲು ಬೀಳುತ್ತೆ ಅಂತ ಗೊತ್ತಿರಲ್ವಾ?"

"ನೀನೇ ಹೇಳಬಹುದಿತ್ತಲ್ಲ ಸಾಲದ ಕಚೇರಿಯವರಿಗೆ."

"ನೀನು ಬರೆದ ಅಂಕಿ ಅವರೇ ತೋರಿಸಿದ್ರು, ತಿದ್ದೋಕೆ ಅಪ್ಪನ ಸಹಿ ಬೇಕು ಅಂದ್ರು. ಕಾಗದ ಬರೆದು ರೆಡಿ ಮಾಡಿಟ್ಟುಕೊಂಡೇ ಫೋನ್ ಮಾಡಿದ್ದೆ. ಬಸ್ ನಿಲ್ದಾಣದಿಂದಲೇ ಮಾಡಿದ್ದು. ನೀನು ಒಂದೇ ಕುರ್ಚಿ ಅಂದಿದ್ರೆ ಸಂಜೆಗೆ ಬಂದು ಸಹಿ ಹಾಕಿಸಿಕೊಂಡು ಹೋಗೋಣ ಅಂತ ಟಿಕೆಟ್ಟೂ ತಗೊಂಡಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಮೂರೂ ನಡೀತಿದೆ ಅಂದೆ. ನಿನ್ನ ಹಿಂದೆ ಯಾರೋ ಕೆಮ್ಮಿದ್ದು ಕೇಳಿಸ್ತು. ಗಿರಾಕಿ ಮುಂದೆ ನಿನ್ನನ್ನ ಹೇಗೆ ಸುಳ್ಳುಗಾರ ಮಾಡಲಿ ಅಂತ ಸುಮ್ಮನಾದೆ."

ಹೌದಪ್ಪ ಬಟ್ಟೆಯ ಕೆಳಗೆ ಎರಡೂ ಕೈಗಳನ್ನು ಒಂದಕ್ಕೊಂದು ಹೆಣೆದುಕೊಂಡು ಕೂತ. ಅವಳು ಕತ್ತಿನ ಕೆಲಸ ಮುಗಿಸಿ, ಬ್ರಷ್‌ನಿಂದ ಕೂದಲು ಝಾಡಿಸಿ, ಬಟ್ಟೆ ಬಿಚ್ಚಿ ಕೊಡವಿದಳು. ಆಮೇಲೆ, ಯಾರೂ ಹೇಳದಿದ್ದರೂ, ಬಾಗಿಲ ಹಿಂದಿನ ಪೊರಕೆ ತೆಗೆದುಕೊಂಡು ಚಿಕ್ಕಂದಿನ ಹಾಗೆಯೇ ಮೂಲೆಯಿಂದ ಶುರುಮಾಡಿ ಇಡೀ ಅಂಗಡಿ ಗುಡಿಸಿದಳು. ಸಿಕ್ಕಿದ್ದು ಅಪ್ಪನದೇ ಒಂದು ಹಿಡಿ ಬಿಳಿ ಕೂದಲು.