ಇಬ್ಬರಿಗಾಗುವಷ್ಟು ಹಾಲು

ಮನೆಯಲ್ಲೇ ಬಟ್ಟೆ ಹೊಲಿದುಕೊಂಡಿದ್ದವಳಿಗೆ ಏಳು ತಿಂಗಳಿಗೇ ಅವಳಿ ಹೆಣ್ಣುಕೂಸುಗಳು ಹುಟ್ಟಿದವು. ಒಂದೊಂದೂ ಒಂದು ಕಿಲೋ ತೂಗುತ್ತಿರಲಿಲ್ಲ. ಅವಳು ಹಿಂಡಿಕೊಟ್ಟ ಹಾಲಿಗೆ ನರ್ಸ್ ಏನೋ ಪುಡಿ ಬೆರೆಸಿ ನಳಿಕೆಯಲ್ಲಿ ಕುಡಿಸುತ್ತಿದ್ದರು.

"ನನ್ನ ಹಾಲಲ್ಲಿ ಸತ್ವ ಇಲ್ವಾ ಸಿಸ್ಟರ್?"

"ಹಾಗಲ್ಲಮ್ಮ. ಮೂಳೆ ಗಟ್ಟಿಯಾಗೋಕೆ ಬೇಕಾದ ಕ್ಯಾಲ್ಸಿಯಂ, ರಂಜಕ ಹೆಚ್ಚಾಗಿ ಸಿಗೋದು ಕೊನೇ ತಿಂಗಳುಗಳಲ್ಲಿ, ಹೊಟ್ಟೆಯೊಳಗೇ. ಇವು ಅವಸರ ಮಾಡಿ ಬಂದ್ಬಿಟ್ವಲ್ಲ, ಅದಕ್ಕೇ ಈ ಪುಡಿ."

ಹತ್ತೊಂಬತ್ತನೆಯ ದಿನ ಸೋಂಕು ತಗುಲಿ ದೊಡ್ಡ ಕೂಸು ತೀರಿಕೊಂಡಿತು. ಗಂಡ ಅದನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಅವಳು ತೊಟ್ಟ ಬಟ್ಟೆ ಎದೆಯ ಬಳಿ ಒದ್ದೆಯಾಗಿತ್ತು. ಎದೆಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ. ಹಾಲು ಇಬ್ಬರಿಗಾಗುವಷ್ಟೇ ಇಳಿಯುತ್ತಿತ್ತು.

"ಮಿಕ್ಕಿದ್ದನ್ನ ಚೆಲ್ಬೇಡಿ ಸಿಸ್ಟರ್. ಹಾಲಿಲ್ಲದ ಯಾವ್ದಾದ್ರೂ ಮಗೂಗೆ ಕೊಡಿ," ಎಂದಳು.

ಜ್ವರದಿಂದ ಮಲಗಿದ್ದ ಇನ್ನೊಬ್ಬ ತಾಯಿಯ ಮಗುವಿಗೆ, ಇವಳ ರಕ್ತ ಪರೀಕ್ಷೆ ಮಾಡಿಸಿ, ಆ ಹಾಲು ಕೊಟ್ಟರು.

ಚಿಕ್ಕದು ಎರಡು ಕಿಲೋ ತೂಗಿದ ದಿನ ಮನೆಗೆ ಹೋಗಬಹುದೆಂದರು. ತಕ್ಕಡಿಯ ಸುತ್ತ ನಿಂತವರೆಲ್ಲ ನಕ್ಕರು. ಅವಳೂ ನಗಲು ಹೋದಳು, ದುಃಖ ಉಕ್ಕಿಬಂತು.

"ಇವಳಕ್ಕನೂ ಇದ್ದಿದ್ರೆ ಈಗ ಇಷ್ಟೇ ತೂಗ್ತಿದ್ಲು," ಎಂದಳು.

ನರ್ಸ್ ಅವಳ ಕೈ ಹಿಡಿದುಕೊಂಡರು.