ಹಿಂಡು ಕೂಡದೆ ಉಣ್ಣದ ನಾಯಿ

ಮೊನ್ನೆ ನಮ್ಮ ಯಜಮಾನರು ಹುಬ್ಬಳ್ಳಿಯಲ್ಲಿ ಬಸ್ ತಪ್ಪಿಸಿಕೊಂಡರು. ಅದಕ್ಕಾಗಿ ಇಲ್ಲಿ ನಮ್ಮೂರಲ್ಲಿ ಒಂದು ನಾಯಿ ಊಟ ಬಿಟ್ಟು ಕೂತಿತು. ಬಸ್ಸಿಗೂ ನಾಯಿಗೂ ಎಲ್ಲಿಯ ಸಂಬಂಧ ಅಂತೀರಾ? ತಾಳಿ, ಹೇಳುತ್ತೇನೆ.

ನಮ್ಮದು ನವಲಗುಂದದ ಬಾಜುವಿನ ಹಳ್ಳಿ. ನಾನು ಅಲ್ಲಿಯ ಶಾಲೆಯಲ್ಲಿ ಟೀಚರ್. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಕುರಿ ತರುಬಿಸುವುದು ರೂಢಿ (ಹಿಂಡು ರಾತ್ರಿ ಹೊಲದಲ್ಲೇ ಮಲಗಿದರೆ ಬೇರೆ ಗೊಬ್ಬರ ಬೇಡ). ಈ ಸಲ ಹಿಂಡು ತಂದವನು ಸಿದ್ದಪ್ಪ. ಕಾವಲಿಗೆ ಕರ್ಯಾ ಎಂಬ ನಾಯಿ. ಹೆಸರು ಕರ್ಯಾ, ಬಣ್ಣ ಮಾತ್ರ ಕಂದು. ಯಾಕೆ ಅಂತ ಕೇಳಿದರೆ ಸಿದ್ದಪ್ಪ, "ಇವರಪ್ಪ ಕರ್ರಗ ಇದ್ನ್ರಿ" ಅಂದ.

ಹೊಲದಲ್ಲಿ ಕೊಯ್ದು ಉಳಿದ ಜೋಳದ ಕೂಳೆ ಚುಚ್ಚಿ ಕರ್ಯಾನ ಮುಂಗಾಲು ಬಾತುಕೊಂಡಿತು. ದನದ ದವಾಖಾನೆಗೆ ಒಯ್ದೆವು. ಡಾಕ್ಟರು ಒಳಗೆ ಮುರಿದಿದ್ದ ಚೂರು ತೆಗೆದು, ತೊಳೆದು, ಬ್ಯಾಂಡೇಜ್ ಸುತ್ತಿದರು. "ಕೀವು ಮ್ಯಾಲ ಏರಿದ್ರ ಕಾಲು ತಗೀಬೇಕಾಗ್ತೈತಿ ನೋಡ್ರಿ. ಅಡ್ಡಾಡಾಕ ಬಿಡಬ್ಯಾಡ್ರಿ. ಹೊಟ್ಟಿತುಂಬ ತಿನ್ಲಿ."

ಆದರೆ ಹಿಂಡು ಮುಂದಿನ ಊರಿಗೆ ಹೊರಡಲೇಬೇಕು. ಸಿದ್ದಪ್ಪ ನಮ್ಮ ಬಾಗಿಲಿಗೆ ಬಂದ. "ಅಕ್ಕೋರ, ಕಾಲು ಮಾಯೂತನಕ ಇವನ್ನ ಇಟಗೋರಿ. ಕುಂಟ ನಾಯಿ ಕಟಗೊಂಡು ನಾ ತೋಳದ ಮುಂದ ಏನ್ ಮಾಡ್ಲಿ?"

ನಾನು ಹೂಂ ಅಂದೆ. ನಮ್ಮ ಅತ್ತೆ ಮುಖ ಗಂಟಿಕ್ಕಿದರು. ಅವರ ಪಾಲಿಗೆ ನಾಯಿ ಎಂದರೆ ಅಂಗಳದ ಆಚೆಗೆ ಇರಬೇಕಾದ ಪ್ರಾಣಿ.

ಕರ್ಯಾನನ್ನು ಬೇವಿನ ಗಿಡಕ್ಕೆ ಕಟ್ಟಿ, ಹಾಲು-ರೊಟ್ಟಿ ಇಟ್ಟೆವು. ಮೂಸಲಿಲ್ಲ. ತುಪ್ಪ ಸವರಿದೆವು. ಊಹೂಂ. ಮರುದಿನವೂ ಅದೇ ಹಟ. ಪಕ್ಕದ ಮನೆಯವರು ದೃಷ್ಟಿ ತೆಗೆಯಲು ಹೇಳಿದರು, ಅದನ್ನೂ ತೆಗೆದಾಯಿತು. ಯಜಮಾನರು ಟ್ರಾನ್ಸಿಸ್ಟರ್ ಸದ್ದು ಕಡಿಮೆ ಮಾಡಿ, "ಮಾಲಕನ ನೆನಪು. ಬ್ಯಾರೇನೂ ಇಲ್ಲ" ಎಂದು ತೀರ್ಪು ಕೊಟ್ಟರು.

ಸಂಜೆಯಾದರೆ ಮಾತ್ರ ಅದಕ್ಕೆ ಹುಚ್ಚು ಹಿಡಿದಂತಾಗುತ್ತಿತ್ತು. ಹಗ್ಗ ಜಗ್ಗುವುದೇನು, ಕುಂಯ್‌ಗುಡುವುದೇನು! ಡಾಕ್ಟರು ಅಡ್ಡಾಡಬಾರದು ಅಂದಿದ್ದಾರಲ್ಲ? ನಾನು ಹಗ್ಗವನ್ನು ಇನ್ನಷ್ಟು ಗಿಡ್ಡ ಮಾಡಿದೆ. ದಿನ ಕಳೆದಂತೆ ಪಕ್ಕೆಲುಬು ಕಾಣತೊಡಗಿದವು. ಕಾಲು ಉಳಿಸಲು ಹೋಗಿ ನಾಯಿಯನ್ನೇ ಕಳೆದುಕೊಳ್ಳುತ್ತೇವೇನೋ ಎಂದು ನನಗೆ ನಿಜಕ್ಕೂ ಭಯವಾಯಿತು.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಅತ್ತೆ ಹೊರಗೆ ಬಂದರು. ಹಗ್ಗ ಜಗ್ಗುತ್ತಿದ್ದ ಕರ್ಯಾನನ್ನೇ ನೋಡುತ್ತ ನಿಂತರು.

"ಬಿಡವಾ ಅದನ್ನ."

"ಅಲ್ರಿ ಅತ್ತೀ, ಡಾಕ್ಟರು..."

"ಡಾಕ್ಟರ್ ಇರ್ಲಿ. ಎಲ್ಲಾರೂ ಕೂಡ್ಯಾರೋ ಇಲ್ಲೋ ಅದಕ್ಕ ನೋಡಬೇಕಾಗೈತಿ. ನೋಡದ ಹೆಂಗ ತಿಂದೀತು?"

ಹಗ್ಗ ಬಿಚ್ಚಿದೆ. ಕರ್ಯಾ ಗಾಯದ ಕಾಲು ಎತ್ತಿಕೊಂಡೇ ಕುಂಟುತ್ತ ಹೊರಟಿತು. ಎಮ್ಮೆಯನ್ನು ಮೂಸಿತು, ಕರುವನ್ನು ಮೂಸಿತು. ಕಟ್ಟೆಯ ಮೇಲೆ ಕೂತ ಯಜಮಾನರ ಮೊಣಕಾಲು, ನನ್ನ ಸೀರೆಯ ಸೆರಗು. ಕೊನೆಗೆ ಅತ್ತೆಯ ಪಾದ. (ಅತ್ತೆ ಹಿಂದೆ ಸರಿಯಲಿಲ್ಲ!) ಅಂಗಳವನ್ನು ಒಂದು ಸುತ್ತು ಹಾಕಿ ಬಂದು, ತಾಟಿನ ಮುಂದೆ ಕೂತು, ಪೂರಾ ರೊಟ್ಟಿ ತಿಂದು ಮುಗಿಸಿತು.

ಇದನ್ನು ಅದಕ್ಕೆ ಕಲಿಸಿದವರು ಯಾರು? ಅಲ್ಲಿ ಕುರಿಗಳಿರಲಿಲ್ಲ, ಒಡೆಯನಿರಲಿಲ್ಲ, ನೆಲಕ್ಕೆ ಊರಲು ನಾಲ್ಕು ಕಾಲೂ ಇರಲಿಲ್ಲ. ಆದರೂ ಕೆಲಸ ಬಿಡಲಿಲ್ಲ. ಇದ್ದವರನ್ನೇ ಹಿಂಡು ಮಾಡಿಕೊಂಡಿತು. (ನಾವೂ ಕುರಿಗಳೇ ಅಂತ ಅದಕ್ಕೆ ಹೇಗೆ ಗೊತ್ತಾಯಿತೋ!) ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಇಂಥದ್ದೊಂದನ್ನು ಯಾರಿಗೂ ಕಲಿಸಲು ನನ್ನಿಂದ ಆಗಿಲ್ಲ.

ಅಂದಿನಿಂದ ಸಂಜೆ ಒಂದೇ ಸುತ್ತು, ಊಟ, ಆಮೇಲೆ ಹಗ್ಗ. ಗಾಯ ಒಣಗುತ್ತ ಬಂತು. ಮೊನ್ನೆ ಯಜಮಾನರು ಬಸ್ ತಪ್ಪಿಸಿಕೊಂಡ ದಿನ ಕರ್ಯಾ ಖಾಲಿ ಕಟ್ಟೆಯನ್ನು ಮತ್ತೆ ಮತ್ತೆ ಮೂಸಿತು. ತಾಟಿಗೆ ಬೆನ್ನು ಹಾಕಿ, ದಾರಿ ನೋಡುತ್ತ ಕೂತಿತು. (ತಡವಾಗುತ್ತದೆ ಅಂತ ಹೇಳಿ ಕಳಿಸಲು ನಮ್ಮ ಮನೆಯಲ್ಲೇನು ಫೋನ್ ಇದೆಯೇ?) ಅವರು ಮುಂದಿನ ಬಸ್ಸಿಗೆ ಬಂದು ಅಂಗಳದಲ್ಲಿ ಕಾಲಿಟ್ಟ ಮೇಲೆಯೇ ರೊಟ್ಟಿಗೆ ಬಾಯಿ ಹಾಕಿದ್ದು.

"ನನ್ನ ಸಲವಾಗಿ ಉಪಾಸ ಕುಂತದ್ದು ಇದೊಂದ ನೋಡು" ಎಂದರು ಯಜಮಾನರು. ಅವರ ಕಣ್ಣಲ್ಲಿ ನೀರು.

ನಿನ್ನೆ ಸಿದ್ದಪ್ಪ ಬಂದ. ಕರ್ಯಾ ನಾಲ್ಕೂ ಕಾಲು ಊರಿ ಅವನತ್ತ ಓಡಿತು. ಹೋಗುವಾಗ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿ ಅದರ ಹಿಂಡು ಇದೆಯಲ್ಲ! ಬೇಜಾರಾಗಲಿಲ್ಲವೇ? ಆಯಿತು ಬಿಡಿ.

ಊಟಕ್ಕೆ ಕೂತಾಗ ಅತ್ತೆಯನ್ನು ಕೇಳಿದೆ. "ಅದರ ಮನಸಿನ್ಯಾಗಿಂದು ನಿಮಗ ಹೆಂಗ ತಿಳೀತ್ರಿ ಅತ್ತೀ?"

"ಅದರಾಗ ತಿಳಿಯೂದೇನೈತಿ? ಎಲ್ಲಾರೂ ಮನಿಗೆ ಬರೂತನಕ ನನಗರೆ ಎಲ್ಲಿ ತುತ್ತು ಇಳೀತೈತಿ?"

ಹಾಗೆಂದು ನಮ್ಮಿಬ್ಬರಿಗೂ ಬಡಿಸಿ, ಗೋಡೆ ಹಿಡಿದು ಎದ್ದರು. ಕರುವನ್ನು ಕಟ್ಟಿಯಾಗಿದೆಯೋ ಇಲ್ಲವೋ ನೋಡಲು ನೋವಿನ ಮೊಣಕಾಲು ಎಳೆಯುತ್ತ ಕೊಟ್ಟಿಗೆಗೆ ಹೋದರು. ಅವರ ತಾಟಿನಲ್ಲಿ ಇನ್ನೂ ಏನೂ ಇರಲಿಲ್ಲ. ನಾನೂ ಯಜಮಾನರೂ ಎತ್ತಿದ ತುತ್ತು ಕೆಳಗಿಟ್ಟೆವು.

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಅವರ ಕಾಲುನೋವು ಈಗ ಹೇಗಿದೆ?